ಸಿಲಿಂಡರಿಗೊಂದು ಥ್ರಾಟಲು: ಒಂದು ಪದ್ಧತಿಯ ಪೂರ್ವೇತಿಹಾಸ

ಪಂದ್ಯದ ಮೋಟಾರುಗಳಲ್ಲಿಯೂ ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿಯೂ ಎಂಜಿನಿನ ಪ್ರತಿಯೊಂದು ಸಿಲಿಂಡರಿಗೂ ಪ್ರತ್ಯೇಕವಾದ ಥ್ರಾಟಲನ್ನು ಇಡುವ ಪದ್ಧತಿಯುಂಟು. ಥ್ರಾಟಲೆಂದರೆ ಎಂಜಿನು ಸೇದಿಕೊಳ್ಳುವ ಗಾಳಿಯನ್ನು ತಡೆದು ಬಿಡುವ ಬಾಗಿಲು. ಕೊಳವೆಯೊಳಗೆ ಸಣ್ಣದೊಂದು ಸಲಾಕೆಯ ಮೇಲೆ ತಿರುಗುವ ದುಂಡು ತಗಡು ಅದು. ಚಾಲಕನು ಪೆಡಲನ್ನು ತುಳಿದಂತೆ ತೆರೆಯುತ್ತದೆ. ಸಾಧಾರಣವಾದ ಕಾರಿನಲ್ಲಿ ಈ ಬಾಗಿಲು ಒಂದೇ. ಅದನ್ನು ದಾಟಿದ ಗಾಳಿಯು ದೊಡ್ಡದೊಂದು ಕೋಶವನ್ನು ತುಂಬಿ, ಅಲ್ಲಿಂದ ಕವಲುಗೊಳವೆಗಳ ಮೂಲಕ ಎಲ್ಲ ಸಿಲಿಂಡರುಗಳಿಗೂ ಹಂಚಿಹೋಗಬೇಕು. ಬಾಗಿಲನ್ನು ಸಿಲಿಂಡರಿನ ಹೊಸ್ತಿಲಿಗೇ ತಂದಿಟ್ಟರೆ ಈ ಕೋಶವು ತುಂಬುವವರೆಗೆ ಕಾಯಬೇಕಾದುದಿಲ್ಲ. ಪೆಡಲಿನ ಚಲನೆಗೆ ಎಂಜಿನು ಆ ಕ್ಷಣವೇ ಓಗೊಡುತ್ತದೆ. ಒಂದು ಸಿಲಿಂಡರಿನ ಉಸಿರಾಟವು ನೆರೆಯದನ್ನು ಕದಡುವುದೂ ಬಹುಮಟ್ಟಿಗೆ ತಪ್ಪುತ್ತದೆ.

ಈ ಪದ್ಧತಿಯು ವಿದ್ಯುನ್ಮಾನ ಇಂಜೆಕ್ಷನ್ನಿನ ಶಿಶುವೆಂದೂ, ಅದನ್ನು ಅಳವಡಿಸಿದ ಮೇಲೆ ಉಳಿದುದೆಲ್ಲವೂ ಕಂಪ್ಯೂಟರಿನ ಕೆಲಸವೆಂದೂ ಭಾವಿಸುವವರುಂಟು. ಮೊದಲನೆಯ ಮಾತು ಇತಿಹಾಸಕ್ಕೆ ವಿರುದ್ಧವಾದುದು. ಎರಡನೆಯದು ಮೊದಲನೆಯದರಿಂದ ಹುಟ್ಟಿದ ಭ್ರಮೆ. ಇವೆರಡನ್ನೂ ಇಲ್ಲಿ ಪರಿಶೀಲಿಸಬೇಕಾಗಿದೆ.

ಜರ್ಮನಿಯ ವಿಲ್ಹೆಲ್ಮ್ ಮೈಬಾಕನು ಪೆಟ್ರೋಲನ್ನು ನಳಿಕೆಯಿಂದ ತುಂತುರಾಗಿ ಗಾಳಿಗೆ ಬೆರೆಸುವ ಕಾರ್ಬ್ಯುರೆಟರನ್ನು ರೂಪಿಸಿದುದು 1893ರ ಸುಮಾರಿನಲ್ಲಿ. ಅಂದಿನಿಂದ ಬಹುಕಾಲ ಎಂಜಿನಿಗೊಂದು ಕಾರ್ಬ್ಯುರೆಟರು, ಅದರೊಳಗೊಂದು ಥ್ರಾಟಲು, ಇದೇ ಕ್ರಮವಾಗಿತ್ತು. ಇಟಲಿಯ ಬೊಲೋನ್ಯಾ ನಗರದಲ್ಲಿ 1923ರಲ್ಲಿ ಎದೋವಾರ್ದೊ ವೆಬರನು ಸ್ಥಾಪಿಸಿದ ಕಾರ್ಖಾನೆಯು ಜೋಡುಕೊಳವೆಯ ಕಾರ್ಬ್ಯುರೆಟರುಗಳಿಗೆ ಹೆಸರಾಯಿತು. ಒಂದೇ ಮೈಯಲ್ಲಿ ಎರಡು ಕೊಳವೆಗಳಿದ್ದು, ಅವು ಎರಡು ಸಿಲಿಂಡರುಗಳಿಗೆ ಬೇರೆಬೇರೆಯಾಗಿ ಉಣಿಸತೊಡಗಿದಾಗ ಹೊಸ ಪದ್ಧತಿಯು ಸದ್ದಿಲ್ಲದೆ ಹುಟ್ಟಿತು. 1954ರ ಮಸರಾಟಿ 250ಎಫ್ ಪಂದ್ಯದ ಕಾರಿನಲ್ಲಿ ಆರು ಸಿಲಿಂಡರುಗಳಿಗೆ ಇಂಥ ಮೂರು ವೆಬರುಗಳಿದ್ದುವು; 1962ರ ಫೆರಾರಿ 250 ಜಿ.ಟಿ.ಒ.ದಲ್ಲಿ ಹನ್ನೆರಡು ಸಿಲಿಂಡರುಗಳಿಗೆ ಆರು. ಕೊಳವೆಗೊಂದು ತಗಡು, ಸಿಲಿಂಡರಿಗೊಂದು ಕೊಳವೆ. ಹೆಸರಿನಲ್ಲಿ ಇವು ಕಾರ್ಬ್ಯುರೆಟರುಗಳಾದರೂ ಕಾರ್ಯದಲ್ಲಿ ನಮ್ಮ ವಿಷಯವೇ ಆಗಿವೆ.

ಇದಕ್ಕೆ ಪ್ರತಿಯಾದ ಸಾಕ್ಷ್ಯವೂ ಅದೇ ಕಾಲದಲ್ಲಿ ದೊರೆಯುತ್ತದೆ. 1954ರಲ್ಲಿ ಹೊರಬಂದ ಮರ್ಸಿಡಿಸ್-ಬೆಂಝ್ 300 ಎಸ್.ಎಲ್. ಕಾರಿನಲ್ಲಿ ಬಾಷ್ ಪಂಪು ಪೆಟ್ರೋಲನ್ನು ನೇರವಾಗಿ ಸಿಲಿಂಡರುಗಳೊಳಕ್ಕೆ ಚಿಮ್ಮಿಸುತ್ತಿದ್ದಿತು. ಥ್ರಾಟಲು ಮಾತ್ರ ಒಂದೇ. ಇಂಜೆಕ್ಷನ್ ಇದ್ದಲ್ಲಿ ಪ್ರತ್ಯೇಕ ಥ್ರಾಟಲುಗಳಿಲ್ಲ, ಪ್ರತ್ಯೇಕ ಥ್ರಾಟಲುಗಳಿದ್ದಲ್ಲಿ ಇಂಜೆಕ್ಷನ್ ಇಲ್ಲ. ಎರಡರ ವಂಶಗಳೂ ಬೇರೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರವು ಬೇಕಿಲ್ಲ.

ಇವೆರಡರ ಸಂಗಮವು ಪಂದ್ಯದ ಕಣದಲ್ಲಿ ಆಯಿತು. 1967ರ ಜೂನ್ 4ರಂದು ಝಾಂಡ್‌ವೂರ್ಟಿನಲ್ಲಿ ಜಿಮ್ ಕ್ಲಾರ್ಕನನ್ನು ಗೆಲ್ಲಿಸಿದ, ಕೀತ್ ಡಕ್‌ವರ್ತ್ ರಚಿಸಿದ ಕಾಸ್ವರ್ತ್ ಡಿ.ಎಫ್.ವಿ. ಎಂಜಿನಿನಲ್ಲಿ ಲೂಕಾಸ್ ಕಂಪನಿಯ ಯಾಂತ್ರಿಕ ಇಂಜೆಕ್ಷನ್ನೂ ಜಾರುಹಲಗೆಯ ಥ್ರಾಟಲುಗಳೂ ಇದ್ದುವು. ಆದರೆ ಪಂದ್ಯದ ಎಂಜಿನಿಗೆ ನಿಧಾನದ ಓಟದ ಚಿಂತೆಯು ಕಡಮೆ. ಪದ್ಧತಿಯ ನಿಜವಾದ ಪರೀಕ್ಷೆ ನಡೆದುದು ಅದೇ ವರ್ಷ ಇಂಗ್ಲೆಂಡಿನ ಕವೆಂಟ್ರಿಯಿಂದ ಬಂದ ಟ್ರಯಂಫ್ ಟಿ.ಆರ್.5 ಎಂಬ, ಅಂಗಡಿಗೂ ಕಚೇರಿಗೂ ಹೋಗಬೇಕಾದ ಕಾರಿನಲ್ಲಿ.

ಇದರದು ಆರು ಸಿಲಿಂಡರುಗಳ, 2498 ಘನ ಸೆಂಟಿಮೀಟರಿನ ಎಂಜಿನು. ಕಂಪನಿಯು ಸಾರಿದ ಬಲ 150 ಅಶ್ವಶಕ್ತಿ. ಆರು ಕೊಳವೆಗಳಲ್ಲಿ ಆರು ತಗಡುಗಳು. ಪೆಟ್ರೋಲನ್ನು ಅಳೆದು ಕೊಡುವ ಲೂಕಾಸ್ ಯಂತ್ರವು ಒಂದೇ. ಅದು ಆರು ಸಿಲಿಂಡರುಗಳಿಗೂ ಸಮಪ್ರಮಾಣವನ್ನೇ ಹಂಚುತ್ತಿದ್ದಿತು. ಎಷ್ಟು ಹಂಚಬೇಕೆಂಬುದನ್ನು ತಿಳಿಯಲು ಅದು ಥ್ರಾಟಲುಗಳ ಒಳಬದಿಯಲ್ಲಿ ಉಂಟಾಗುವ ನಿರ್ವಾತವನ್ನು ಸಣ್ಣ ರಬ್ಬರು ಕೊಳವೆಗಳ ಮೂಲಕ ಓದಿಕೊಳ್ಳುತ್ತಿದ್ದಿತು. ತೊಡಕಿರುವುದು ಇಲ್ಲಿಯೇ. ಪೆಟ್ರೋಲು ಸಮವಾಗಿದ್ದು ಗಾಳಿಯು ವಿಷಮವಾದರೆ, ಒಂದು ಸಿಲಿಂಡರು ಹಸಿಯಾಗಿ ಹೊಗೆಯುಗುಳುತ್ತದೆ, ಪಕ್ಕದ್ದು ಒಣಗಿ ಸಿಡಿಯುತ್ತದೆ. ಅದರ ಮೇಲೆ, ಕವಾಟಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಂಷಾಫ್ಟಿನಿಂದ ನಿರ್ವಾತವೇ ದುರ್ಬಲವಾಗಿದ್ದು, ಅಳತೆಯ ಯಂತ್ರಕ್ಕೆ ಸಿಗುತ್ತಿದ್ದ ಸೂಚನೆಯೂ ಅಸ್ಥಿರವಾಗಿದ್ದಿತು. ಅಮೆರಿಕೆಗೆ ಹೋದ ಟಿ.ಆರ್.250ಕ್ಕೆ ಕಂಪನಿಯು ಎರಡು ಸ್ಟ್ರಾಂಬರ್ಗ್ ಕಾರ್ಬ್ಯುರೆಟರುಗಳನ್ನೇ ಇಟ್ಟಿತು. ಬಲವು ಬಹಳ ಕುಗ್ಗಿತು. ಲೂಕಾಸ್ ಯಂತ್ರಕ್ಕೆ ಬಂದ ಅಪಕೀರ್ತಿಯಲ್ಲಿ ದೊಡ್ಡ ಪಾಲು ಸವೆದ ಸಲಾಕೆಗಳಿಗೂ ಹೊಂದದ ತಗಡುಗಳಿಗೂ ಸಲ್ಲಬೇಕಾದುದೆಂದು ನನ್ನ ಅಭಿಪ್ರಾಯ.

ಹೊಂದಿಕೆಯ ಸೂಕ್ಷ್ಮತೆಯನ್ನು ಒಂದು ಲೆಕ್ಕದಿಂದ ಕಾಣಬಹುದು. 45 ಮಿಲಿಮೀಟರು ವ್ಯಾಸದ ಕೊಳವೆಯನ್ನು ಊಹಿಸಿಕೊಳ್ಳೋಣ. ಅದರ ಸುತ್ತಳತೆ ಸುಮಾರು 141 ಮಿ.ಮೀ. ಎಂಜಿನು ನಿಂತಲ್ಲೇ ಓಡುವಾಗ ತಗಡಿನ ಅಂಚಿನಲ್ಲಿ 0.05 ಮಿ.ಮೀ. ಸಂದು ಇದ್ದರೆ ಗಾಳಿಯ ದಾರಿಯು ಸುಮಾರು 7 ಚದರ ಮಿ.ಮೀ. ಆಗುತ್ತದೆ. ನೆರೆಯ ತಗಡಿನ ಸಂದು 0.01 ಮಿ.ಮೀ.ನಷ್ಟು ಹೆಚ್ಚಿದ್ದರೆ ಅಲ್ಲಿ ಗಾಳಿಯು ಐದರಲ್ಲೊಂದು ಪಾಲು ಅಧಿಕ. ಪೂರ್ಣವಾಗಿ ತೆರೆದಾಗಲಾದರೋ ದಾರಿಯು 1590 ಚದರ ಮಿ.ಮೀ.ನಷ್ಟಾಗುವುದರಿಂದ ಆ ವ್ಯತ್ಯಾಸಕ್ಕೆ ಬೆಲೆಯೇ ಇಲ್ಲ. ಆದುದರಿಂದಲೇ ಇಂಥ ಎಂಜಿನುಗಳು ರಸ್ತೆಯಲ್ಲಿ ಹಾರಿ, ಚೌಕದಲ್ಲಿ ಕೆಮ್ಮುತ್ತವೆ.

ಹೊಂದಿಸುವ ಬಗೆಯು ವೆಬರುಗಳ ಕಾಲದಿಂದ ಬದಲಾಗಿಲ್ಲ. ಮೇಸ್ತ್ರಿಯು ರಬ್ಬರು ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು, ಮತ್ತೊಂದನ್ನು ಗಾಳಿಬಾಯಿಗಳ ಬಳಿ ಹಿಡಿದು ಹಿಸ್ಸೆಂಬ ಸದ್ದನ್ನು ಹೋಲಿಸುತ್ತಿದ್ದನು. ಪಾದರಸದ ಕಂಬಗಳೂ ಗಾಳಿಯ ಮಾಪಕಗಳೂ ಕಿವಿಯ ನೆರವಿಗೆ ಬಂದುವು. ಮೊದಲು ಮುಚ್ಚಿದ ಸ್ಥಿತಿಯಲ್ಲಿ ತಡೆತಿರುಪುಗಳಿಂದ ಸಮತೆ, ಬಳಿಕ ಸ್ವಲ್ಪ ತೆರೆದು ಜೋಡಣೆಯ ಸಲಾಕೆಗಳ ಸಮತೆ, ಪೆಟ್ರೋಲಿನ ವಿಚಾರವು ಕೊನೆಗೆ. ಈ ಅನುಕ್ರಮವನ್ನು ತಪ್ಪಿಸಿದವರಿಗೆ ದಿನವೆಲ್ಲ ಕೆಲಸ.

ಮುಂದಿನ ಕಥೆಯನ್ನು ಸಂಗ್ರಹವಾಗಿ ಹೇಳಬಹುದು. 1978ರ ಬಿ.ಎಂ.ಡಬ್ಲ್ಯು. ಎಂ1 ಆರು ಥ್ರಾಟಲುಗಳನ್ನೂ ಯಾಂತ್ರಿಕ ಇಂಜೆಕ್ಷನ್ನನ್ನೂ ಹೊಂದಿದ್ದಿತು. 1986ರ ಎಂ3ರಲ್ಲಿ ನಾಲ್ಕು ಥ್ರಾಟಲುಗಳ ಜೊತೆಗೆ ಬಾಷ್ ಕಂಪನಿಯ ವಿದ್ಯುನ್ಮಾನ ನಿಯಂತ್ರಣವು ಕೂಡಿತು. 1991ರಲ್ಲಿ ಟೊಯೊಟಾ ತನ್ನ 1587 ಘನ ಸೆಂಟಿಮೀಟರಿನ ಇಪ್ಪತ್ತು ಕವಾಟಗಳ ಎಂಜಿನಿಗೆ ನಾಲ್ಕು ಥ್ರಾಟಲುಗಳನ್ನು ಕೊಟ್ಟು, ಪದ್ಧತಿಯನ್ನು ಸಾಮಾನ್ಯರ ಕಾರಿಗೂ ತಂದಿತು. ಅಸ್ಥಿರವಾದ ನಿರ್ವಾತವನ್ನು ನಂಬದೆ, ಥ್ರಾಟಲಿನ ಕೋನವನ್ನೂ ಎಂಜಿನಿನ ವೇಗವನ್ನೂ ನೋಡಿ ಪೆಟ್ರೋಲನ್ನು ನಿರ್ಧರಿಸುವ ಉಪಾಯವು ಕಂಪ್ಯೂಟರಿನಿಂದ ಸಾಧ್ಯವಾಯಿತು. ಇದು ದೊಡ್ಡ ಲಾಭವೇ ಸರಿ. ಆದರೆ ಕೋನವನ್ನು ಅಳೆಯುವ ಸಾಧನವು ಸಾಧಾರಣವಾಗಿ ಸಾಲಿಗೆ ಒಂದೇ. ಉಳಿದ ತಗಡುಗಳೂ ಅದರಂತೆಯೇ ನಿಂತಿವೆಯೆಂದು ಅದು ನಂಬುತ್ತದೆ. ಬೆಟ್ಟವೇರಿದಾಗ ಗಾಳಿಯು ತೆಳುವಾದುದು ಕೋನದಿಂದ ತಿಳಿಯದು. ಅದಕ್ಕೆ ವಾಯುಭಾರವನ್ನು ಓದುವ ಇನ್ನೊಂದು ಸಾಧನ ಬೇಕು. ನಿರ್ವಾತವನ್ನೇ ಓದಬಯಸುವವರು ಪ್ರತಿಯೊಂದು ಕೊಳವೆಯಿಂದಲೂ ಸಣ್ಣ ನಾಳವನ್ನು ಎಳೆದು ಒಂದು ಪುಟ್ಟ ಡಬ್ಬಿಯಲ್ಲಿ ಕೂಡಿಸುತ್ತಾರೆ. ಟಿ.ಆರ್.5ರ ರಬ್ಬರು ಕೊಳವೆಗಳನ್ನು ಬಲ್ಲವರಿಗೆ ಇದು ಹೊಸದಾಗಿ ಕಾಣದು.

ಶಾಸನದ ಕಾಲವನ್ನು ಅಕ್ಷರರೂಪದಿಂದ ನಿರ್ಣಯಿಸುವಂತೆ, ಯಂತ್ರದ ವಂಶವನ್ನು ಅದರ ತೂತುಗಳಿಂದ ಗುರುತಿಸಬಹುದು. ಹಳೆಯ ಸ್ಪೋರ್ಟ್ಸ್ ಕಾರುಗಳಿಗೆಂದು ಇಂದು ಮಾರಾಟವಾಗುವ ಥ್ರಾಟಲ್ ಬಾಡಿಗಳಲ್ಲಿ ಅನೇಕವನ್ನು ವೆಬರ್ ಡಿ.ಸಿ.ಒ.ಇ. ಕಾರ್ಬ್ಯುರೆಟರಿನ ಅಳತೆಗೇ ಮಾಡಿರುತ್ತಾರೆ. ಕೊಳವೆಗಳ ನಡುವಿನ ಅಂತರವೂ ಬೋಲ್ಟುಗಳ ಸ್ಥಾನವೂ ಅವೇ. ವೆಬರುಗಳಿದ್ದ ಎಂಜಿನಿಗೆ ಇವನ್ನು ತರಿಸಿದವನು ಹಳೆಯ ಮ್ಯಾನಿಫೋಲ್ಡನ್ನು ಬಿಚ್ಚಬೇಕಾಗಿಯೇ ಇಲ್ಲ.