ಅಮೆರಿಕದ ಮುಷ್ಟಿಕಾಳಗದಲ್ಲಿ ಮೂದಲೆ: ಒಂದು ಐತಿಹಾಸಿಕ ವಿವೇಚನೆ

ಕಾಳಗಕ್ಕೆ ಮುನ್ನ ಎದುರಾಳಿಯನ್ನು ಮಾತಿನಿಂದ ಇರಿಯುವ ಪದ್ಧತಿಯು ನಮ್ಮ ಸಾಹಿತ್ಯದ ವಿದ್ಯಾರ್ಥಿಗಳಿಗೆ ಅಪರಿಚಿತವಾದುದಲ್ಲ. ರನ್ನನ ಗದಾಯುದ್ಧದಲ್ಲಿ ವೈಶಂಪಾಯನ ಸರೋವರದ ನೀರಿನೊಳಗೆ ಅಡಗಿದ್ದ ದುರ್ಯೋಧನನನ್ನು ಮೇಲಕ್ಕೆ ಬರಿಸಿದುದು ಭೀಮಸೇನನ ಮೂದಲೆಯೇ ಆಗಿದೆ. ಅಲ್ಲಿ ಮೂದಲಿಸುವವನೊಬ್ಬ, ಕೇಳುವವನೊಬ್ಬ. ವೃತ್ತಿಪರ ಕ್ರೀಡೆಯಲ್ಲಾದರೋ ಇವರಿಬ್ಬರೊಡನೆ ಹಣ ತೆತ್ತು ನೋಡುವ ಪ್ರೇಕ್ಷಕನೆಂಬ ಮೂರನೆಯವನೂ ಇರುತ್ತಾನೆ. ಮೂದಲೆಯ ಅರ್ಥವು ಇವನಿಂದ ಹೇಗೆ ಮಾರ್ಪಡುತ್ತದೆಂಬುದನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ಹೆವಿವೇಟ್ ಮುಷ್ಟಿಕಾಳಗದ ಇತಿಹಾಸದಿಂದ ಪರಾಮರ್ಶಿಸುವುದು ಪ್ರಕೃತ ಲೇಖನದ ಉದ್ದೇಶ.

ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಹೆವಿವೇಟ್ ಪ್ರಶಸ್ತಿಯು ಶ್ವೇತವರ್ಣೀಯರ ಮೀಸಲು ಸೊತ್ತಾಗಿದ್ದಿತು. ಪ್ರಶಸ್ತಿ ಹೊಂದಿದವರು ಕಪ್ಪುವರ್ಣೀಯರೊಡನೆ ಅದನ್ನು ಪಣವಾಗಿಟ್ಟು ಸೆಣಸಲು ಒಪ್ಪುತ್ತಿರಲಿಲ್ಲ. ಟೆಕ್ಸಾಸಿನ ಗ್ಯಾಲ್ವೆಸ್ಟನ್ನಿನಲ್ಲಿ 1878ರಲ್ಲಿ ಜನಿಸಿದ ಜ್ಯಾಕ್ ಜಾನ್ಸನ್ನನು ಅಂದಿನ ವಿಜೇತನಾದ ಟಾಮಿ ಬರ್ನ್ಸನನ್ನು ಬೆನ್ನಟ್ಟಿ ಆಸ್ಟ್ರೇಲಿಯದವರೆಗೆ ಹೋಗಬೇಕಾಯಿತು. 30,000 ಡಾಲರುಗಳ ಭರವಸೆ ದೊರೆತ ಮೇಲೆಯೇ ಬರ್ನ್ಸನು ಒಪ್ಪಿದನು. 1908ರ ಡಿಸೆಂಬರ್ 26ರಂದು ಸಿಡ್ನಿಯಲ್ಲಿ ನಡೆದ ಆ ಕಾಳಗದ ಉದ್ದಕ್ಕೂ ಜಾನ್ಸನ್ನನು ನಗುನಗುತ್ತ ಎದುರಾಳಿಯನ್ನು ಹಂಗಿಸುತ್ತಿದ್ದನು. ಸುತ್ತಲೂ ಕುಳಿತ ಶ್ವೇತವರ್ಣೀಯ ಪ್ರೇಕ್ಷಕರ ಬೈಗಳಿಗೂ ಮರುಮಾತು ಕೊಡುತ್ತಿದ್ದನು. ಹದಿನಾಲ್ಕನೆಯ ಸುತ್ತಿನಲ್ಲಿ ಪೊಲೀಸರೇ ಕಾಳಗವನ್ನು ನಿಲ್ಲಿಸಿದರು.

1910ರ ಜುಲೈ 4ರಂದು ರೀನೊ ನಗರದಲ್ಲಿ ಜಾನ್ಸನ್ನನು ಜಿಮ್ ಜೆಫ್ರೀಸನನ್ನು ಸೋಲಿಸಿದನು. ಜೆಫ್ರೀಸನ ಪಕ್ಷದಲ್ಲಿ ನಿಂತು ಜಾನ್ಸನ್ನನನ್ನು ಹೀಯಾಳಿಸಿದವನು ಹಿಂದಿನ ವಿಜೇತ ಜಿಮ್ ಕಾರ್ಬೆಟ್. ಶ್ವೇತವರ್ಣೀಯನ ಹೀಯಾಳಿಕೆಯು ಆಟದ ಅಂಗವೆನಿಸಿತು; ಕಪ್ಪುವರ್ಣೀಯನ ಮರುಮಾತು ಉದ್ಧಟತನವೆನಿಸಿತು. ಫಲಿತಾಂಶದ ವಾರ್ತೆ ಹರಡಿದೊಡನೆ ಹಲವು ನಗರಗಳಲ್ಲಿ ಗಲಭೆಗಳೆದ್ದು ಜನರು ಪ್ರಾಣ ಕಳೆದುಕೊಂಡರು. ಮಡಿದವರಲ್ಲಿ ಹೆಚ್ಚಿನವರು ಕಪ್ಪುವರ್ಣೀಯರು. 1912ರಲ್ಲಿ ಮುಷ್ಟಿಕಾಳಗದ ಚಲನಚಿತ್ರಗಳನ್ನು ಒಂದು ಸಂಸ್ಥಾನದಿಂದ ಇನ್ನೊಂದಕ್ಕೆ ಸಾಗಿಸುವುದನ್ನು ಕಾನೂನು ನಿಷೇಧಿಸಿತು. 1913ರಲ್ಲಿ, ಸ್ತ್ರೀಯರ ಅನೈತಿಕ ಸಾಗಣೆಯನ್ನು ತಡೆಯಲೆಂದು ರಚಿತವಾದ ಇನ್ನೊಂದು ಕಾಯಿದೆಯನ್ನು ಬಳಸಿ ಜಾನ್ಸನ್ನನನ್ನು ಅಪರಾಧಿಯೆಂದು ನಿರ್ಣಯಿಸಲಾಯಿತು. ಅವನಿಗೆ ಕ್ಷಮಾದಾನ ದೊರೆತುದು 2018ರಲ್ಲಿ, ಅವನು ತೀರಿಕೊಂಡು ಸುಮಾರು 72 ವರ್ಷಗಳಾದ ಮೇಲೆ.

ಜಾನ್ಸನ್ನನ ಅನುಭವವು ಮುಂದಿನ ಪೀಳಿಗೆಗೆ ಪಾಠವಾಯಿತು. 1937ರಿಂದ 1949ರವರೆಗೆ ಪ್ರಶಸ್ತಿಯನ್ನು ಉಳಿಸಿಕೊಂಡಿದ್ದ ಜೋ ಲೂಯಿಸನಿಗೆ ಅವನ ವ್ಯವಸ್ಥಾಪಕರು ನಡೆನುಡಿಗಳ ಕಟ್ಟಳೆಗಳನ್ನು ವಿಧಿಸಿದ್ದರು. ಬಿದ್ದ ಎದುರಾಳಿಯ ಮುಂದೆ ಹಿಗ್ಗಬಾರದೆಂಬುದು ಅವುಗಳಲ್ಲೊಂದು. ಲೂಯಿಸನ ಮೌನವನ್ನು ಪತ್ರಿಕೆಗಳು ಸೌಜನ್ಯವೆಂದು ಹೊಗಳಿದುವು. ಅವನ ಸ್ವಭಾವವು ಸೌಮ್ಯವಾಗಿದ್ದಿರಬಹುದು. ಆದರೆ ಆ ಮೌನವು ಪ್ರಶಸ್ತಿಯ ಕಣವನ್ನು ಪ್ರವೇಶಿಸಲು ತೆರಬೇಕಾದ ಸುಂಕವೂ ಆಗಿದ್ದಿತೆಂಬುದನ್ನು ಮರೆಯಲಾಗದು.

ಈ ಮೌನವನ್ನು ಮುರಿದವನು ಕ್ಯಾಶಿಯಸ್ ಕ್ಲೇ, ಅರ್ಥಾತ್ ಮುಹಮ್ಮದ್ ಆಲಿ. 1960ರ ರೋಮ್ ಒಲಿಂಪಿಕ್ಸಿನಲ್ಲಿ ಸ್ವರ್ಣಪದಕ ಪಡೆದ ಈ ತರುಣನು ಮರುವರ್ಷ ಲಾಸ್ ವೇಗಸಿನಲ್ಲಿ ‘ಗಾರ್ಜಿಯಸ್ ಜಾರ್ಜ್’ ಎಂಬ ಕುಸ್ತಿಪಟುವಿನ ಬಡಾಯಿಯನ್ನು ಕೇಳಿದನು. ಅವನ ಸೊಕ್ಕು ಮುರಿಯುವುದನ್ನು ನೋಡಲೆಂದೇ ಜನರು ಹಣ ತೆತ್ತು ನೆರೆಯುತ್ತಿದ್ದರೆಂಬುದನ್ನು ಗಮನಿಸಿದುದಾಗಿ ಆಲಿಯೇ ಹೇಳಿದ್ದಾನೆ. ಅಂದಿನಿಂದ ಅವನ ಮೂದಲೆಯು ಎದುರಾಳಿಯ ಕಿವಿಯನ್ನು ದಾಟಿ ಟಿಕೇಟು ಕೊಳ್ಳುವವನ ಕಿವಿಯನ್ನು ಅರಸಿತು. 1963ರ ನವೆಂಬರಿನಲ್ಲಿ ಅವನು ನಡುರಾತ್ರಿ ತನ್ನ ಬಸ್ಸಿನಲ್ಲಿ ಡೆನ್ವರಿಗೆ ಹೋಗಿ, ವಿಜೇತನಾದ ಸಾನಿ ಲಿಸ್ಟನ್ನನ ಮನೆಯ ಮುಂದೆ ನಿಂತು ಕೂಗಿ ಕರೆದನು. ಸರೋವರದ ದಂಡೆಯಲ್ಲಿನ ಭೀಮನನ್ನು ನೆನಪಿಸುವ ಪ್ರಸಂಗವಿದು. ಆದರೆ ಇಲ್ಲಿ ಪತ್ರಕರ್ತರಿಗೆ ಮುಂಚೆಯೇ ಸೂಚನೆ ಹೋಗಿದ್ದಿತು. 1964ರ ಫೆಬ್ರವರಿ 25ರಂದು ಮಯಾಮಿ ಬೀಚಿನಲ್ಲಿ ತೂಕ ನೋಡುವ ವೇಳೆ ಅವನೆಬ್ಬಿಸಿದ ಗದ್ದಲಕ್ಕಾಗಿ 2,500 ಡಾಲರುಗಳ ದಂಡ ಬಿದ್ದಿತು. ಅಂದು ರಾತ್ರಿ ಲಿಸ್ಟನ್ನನು ಏಳನೆಯ ಸುತ್ತಿಗೆ ಏಳದೆ ಪೀಠದಲ್ಲಿಯೇ ಉಳಿದನು.

ಅನಂತರ ಇಸ್ಲಾಮಿನ ಹೆಸರನ್ನು ಧರಿಸಿದ ಆಲಿಯ ಮೂದಲೆಗೆ ಹೊಸ ವಿಷಯವೊಂದು ದೊರೆಯಿತು. 1967ರ ಫೆಬ್ರವರಿಯಲ್ಲಿ ಹ್ಯೂಸ್ಟನ್ನಿನಲ್ಲಿ, ತನ್ನನ್ನು ಕ್ಲೇ ಎಂದೇ ಕರೆಯುತ್ತಿದ್ದ ಅರ್ನಿ ಟೆರೆಲ್ಲನನ್ನು ಗುದ್ದುತ್ತ ತನ್ನ ಹೆಸರೇನೆಂದು ಮತ್ತೆಮತ್ತೆ ಕೇಳಿದನು. ಗುಲಾಮರಿಗೆ ಒಡೆಯರು ಹೆಸರಿಟ್ಟ ದೇಶದಲ್ಲಿ ಈ ಪ್ರಶ್ನೆಯು ಬರಿಯ ಬಡಾಯಿಯಾಗಿರಲಿಲ್ಲ. ಅದೇ ವರ್ಷ ವಿಯೆಟ್ನಾಂ ಯುದ್ಧಕಾಲದ ಸೈನ್ಯಭರ್ತಿಗೆ ಒಪ್ಪದೆ ಅವನು ಪರವಾನಗಿಯನ್ನೂ ಪ್ರಶಸ್ತಿಯನ್ನೂ ಕಳೆದುಕೊಂಡನು. ಇಲ್ಲಿಯವರೆಗಿನ ವೃತ್ತಾಂತವನ್ನು ಓದಿದವರು ಆಲಿಯ ನಾಲಗೆಯನ್ನು ಸ್ವಾತಂತ್ರ್ಯದ ಆಯುಧವೆಂದು ಕೊಂಡಾಡುವುದು ಸಹಜ. ಆದರೆ ವಿಮರ್ಶೆಯು ಇಲ್ಲಿಗೆ ನಿಲ್ಲತಕ್ಕುದಲ್ಲ.

ಜೋ ಫ್ರೇಜಿಯರನು ದಕ್ಷಿಣ ಕೆರೊಲಿನದ ಬಡ ಗೇಣಿದಾರನ ಮಗನು. ಆಲಿಯು ಕಣದಿಂದ ಹೊರಗಿದ್ದ ಕಾಲದಲ್ಲಿ ಅವನಿಗೆ ಹಣದ ನೆರವಿತ್ತು, ಪರವಾನಗಿ ಮರಳಿ ದೊರೆಯಲೆಂದು ಮಾತನಾಡಿದುದಾಗಿ ಫ್ರೇಜಿಯರನು ಹೇಳಿಕೊಂಡಿದ್ದಾನೆ. 1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ ಇಬ್ಬರೂ ಎದುರಾದರು. ತಲಾ 25 ಲಕ್ಷ ಡಾಲರುಗಳ ಸಂಭಾವನೆ. ಅದಕ್ಕೆ ಮುನ್ನ ಆಲಿಯು ಫ್ರೇಜಿಯರನನ್ನು ‘ಅಂಕಲ್ ಟಾಮ್’ ಎಂದು ಜರೆದನು. 1852ರಲ್ಲಿ ಪುಸ್ತಕರೂಪದಲ್ಲಿ ಬಂದ ಹ್ಯಾರಿಯೆಟ್ ಬೀಚರ್ ಸ್ಟೋವಳ ಕಾದಂಬರಿಯಿಂದ ಹುಟ್ಟಿದ ಈ ಮಾತಿಗೆ, ಬಿಳಿಯರ ಅಡಿಯಾಳಾದ ಕರಿಯನೆಂಬ ಅರ್ಥ ರೂಢಿಯಾಗಿದ್ದಿತು. ಹದಿನೈದು ಸುತ್ತುಗಳ ಕೊನೆಗೆ ಗೆದ್ದವನು ಫ್ರೇಜಿಯರ್. ಆದರೆ ಆ ಹೆಸರು ಅಳಿಯಲಿಲ್ಲ. ತನ್ನ ಮಕ್ಕಳು ಶಾಲೆಯಲ್ಲಿ ಅದನ್ನು ಕೇಳಬೇಕಾಯಿತೆಂದು ಅವನು ನೊಂದು ನುಡಿದನು. 1975ರ ಅಕ್ಟೋಬರ್ 1ರ ಮನಿಲಾ ಕಾಳಗಕ್ಕೆ ಮುನ್ನ ಆಲಿಯು ಅವನನ್ನು ಗೊರಿಲ್ಲ ಎಂದು ಕರೆದು, ರಬ್ಬರಿನ ಗೊರಿಲ್ಲ ಗೊಂಬೆಯೊಂದನ್ನು ಪತ್ರಕರ್ತರೆದುರು ಗುದ್ದಿ ನಗಿಸಿದನು. ಕಪ್ಪುವರ್ಣೀಯರನ್ನು ಅವಮಾನಿಸಲು ಜನಾಂಗದ್ವೇಷಿಗಳು ಬಳಸುತ್ತಿದ್ದ ಹಳೆಯ ಹೋಲಿಕೆಯದು. ಅದನ್ನು ಕಪ್ಪುವರ್ಣೀಯನೊಬ್ಬನ ಬಾಯಿಂದ ಕೇಳಿ ಸಭೆಯು ನಿರಾತಂಕವಾಗಿ ನಕ್ಕಿತು.

ಇದು ಆಲಿಯಲ್ಲಿ ತಡವಾಗಿ ಹುಟ್ಟಿದ ದೋಷವೆಂದು ನಾವು ಭಾವಿಸುವುದಿಲ್ಲ. ಲಿಸ್ಟನ್ನನನ್ನು ಅವನು ಕರಡಿಯೆಂದಿದ್ದನು, ಫ್ಲಾಯ್ಡ್ ಪ್ಯಾಟರ್‌ಸನ್ನನನ್ನು ಮೊಲವೆಂದಿದ್ದನು, ಟೆರೆಲ್ಲನನ್ನೂ ಅಂಕಲ್ ಟಾಮ್ ಎಂದಿದ್ದನು. ಇವರೆಲ್ಲರೂ ಅವನದೇ ಜನಾಂಗದವರು. ಜಾನ್ಸನ್ನನ ಮೂದಲೆಯು ತನ್ನನ್ನು ಹೊರಗಿಟ್ಟ ಸಮಾಜದ ಕಡೆಗೆ ಹಾರಿದ ಬಾಣ. ಆಲಿಯ ಮೂದಲೆಯು ಒಮ್ಮೆ ಅಧಿಕಾರದ ಕಡೆಗೂ ಒಮ್ಮೆ ಜೊತೆಯವನ ಕಡೆಗೂ ಹಾರಿತು. ಟಿಕೇಟು ಮಾರುವವರಿಗೆ ಎರಡರಿಂದಲೂ ಲಾಭವೇ ಆಯಿತು. ಆದುದರಿಂದ ಮೂದಲೆಯನ್ನು ದಾಖಲೆಯಾಗಿ ಬಳಸುವ ಇತಿಹಾಸಕಾರನು ಆಡಿದವನ ಜಾಣ್ಮೆಯನ್ನು ಮೆಚ್ಚುವುದಷ್ಟಕ್ಕೇ ತೃಪ್ತನಾಗದೆ, ಅದು ಯಾರಿಗೆ ತಗುಲಿತು, ಯಾರು ನಕ್ಕರು, ಯಾರು ಹಣವೆಣಿಸಿದರು ಎಂಬುದನ್ನೂ ವಿಚಾರಿಸಬೇಕು. ಆಲಿಯ ಚರಿತ್ರೆಯನ್ನು ಅವನ ಮಾತುಗಳಿಂದಲೇ ಬರೆದರೆ ಫ್ರೇಜಿಯರನು ಎರಡನೆಯ ಸಲ ಸೋತಂತಾಗುತ್ತದೆ.

2001ರಲ್ಲಿ ಆಲಿಯು ತಾನು ಆಡಬಾರದ ಮಾತುಗಳನ್ನಾಡಿದೆನೆಂದೂ, ಅವೆಲ್ಲವೂ ಕಾಳಗದ ಪ್ರಚಾರಕ್ಕಾಗಿ ಆಡಿದವೆಂದೂ ಒಪ್ಪಿ, ಪತ್ರಿಕೆಯ ಮೂಲಕ ಕ್ಷಮೆ ಕೋರಿದನು. 2011ರ ನವೆಂಬರಿನಲ್ಲಿ ಫ್ರೇಜಿಯರನು ಕಾಲವಾದಾಗ ಫಿಲಡೆಲ್ಫಿಯದ ಅಂತ್ಯಸಂಸ್ಕಾರದ ಪ್ರಾರ್ಥನೆಗೆ ಬಂದು, ನಡುಗುವ ದೇಹದಿಂದಲೇ ಎದ್ದು ನಿಂತು ಗೌರವ ಸಲ್ಲಿಸಿದನು. ಆ ವೇಳೆಗೆ ಪಾರ್ಕಿನ್‌ಸನ್ ರೋಗವು ಅವನ ಮಾತನ್ನು ಬಹುಮಟ್ಟಿಗೆ ಕಸಿದುಕೊಂಡಿದ್ದಿತು.