ಕಾರಿನ ಲಾಂಛನಗಳು

ಶ್ರವಣಬೆಳಗೊಳದ ಭಂಡಾರ ಬಸದಿಯಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರು ಸಾಲಾಗಿ ನಿಂತಿದ್ದಾರೆ. ಹೊಯ್ಸಳ ದೊರೆ ಒಂದನೆಯ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ ಬಸದಿ ಅದು. ನಮ್ಮಂಥವರ ಕಣ್ಣಿಗೆ ಎಲ್ಲರ ಮುಖವೂ ಒಂದೇ, ನಿಲುವೂ ಒಂದೇ. ಇಂಥ ಮೂರ್ತಿಗಳಲ್ಲಿ ಯಾರು ಯಾರೆಂದು ತಿಳಿಸಲು ಜೈನ ಪರಂಪರೆ ಕಂಡುಕೊಂಡ ಉಪಾಯವೇ ಲಾಂಛನ. ಎತ್ತು ಇದ್ದರೆ ಆದಿನಾಥ, ಆನೆ ಇದ್ದರೆ ಅಜಿತನಾಥ, ಸಿಂಹ ಇದ್ದರೆ ಮಹಾವೀರ. ಅಕ್ಷರ ಬಾರದವನೂ ಓದಿಕೊಳ್ಳಬಹುದು, ಒಮ್ಮೆ ಯಾರಾದರೂ ಹೇಳಿಕೊಟ್ಟಿದ್ದರೆ.

ಕಾರಿನ ಚಕ್ರದ ಹಿಂದೆ ಮಿನುಗುವ ಚಿತ್ರಗಳ ಕಥೆಯೂ ಇದೇ. ಆದರೆ ಅವುಗಳನ್ನು ನಮಗೆ ಹೇಳಿಕೊಟ್ಟವರು ಕಡಿಮೆ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿ 800ರ ಕೀಲಿಕೈಯನ್ನು ಕೊಟ್ಟರು. ಬೆಲೆ ಸುಮಾರು 47,500 ರೂಪಾಯಿ. ಅಲ್ಲಿಯವರೆಗೆ ನಮ್ಮ ಕಡೆ ಕಾರೆಂದರೆ ಅಂಬಾಸಿಡರ್ ಅಥವಾ ಫಿಯಟ್, ಅದನ್ನು ನಡೆಸಲು ಒಬ್ಬ ಡ್ರೈವರ್. ಕಾರಿನ ಕಾಯಿಲೆ ಕಸಾಲೆಯೆಲ್ಲ ಅವನಿಗೇ ಗೊತ್ತು. ಯಜಮಾನರಿಗೆ ಹಿಂದಿನ ಸೀಟು ಮಾತ್ರ ಗೊತ್ತು. ಮಾರುತಿ ಬಂದ ಮೇಲೆ ಮೇಷ್ಟ್ರು, ಬ್ಯಾಂಕಿನವರು, ತೆಂಗಿನ ತೋಟದವರು ತಾವೇ ಚಕ್ರ ಹಿಡಿದು ಕೂತರು. ಡ್ರೈವರ್ ಹೋದ, ಅವನ ಜೊತೆ ಅವನ ವಿದ್ಯೆಯೂ ಹೋಯಿತು. ಉಳಿದದ್ದು ಚಿತ್ರಗಳು.

ಈ ಚಿತ್ರಗಳಿಗೆ ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಕೆಂಪು ಎಂದರೆ ಅಪಾಯ, ಹಳದಿ ಎಂದರೆ ಎಚ್ಚರಿಕೆ. ಯಾವ ಭಾಷೆಯವರಾದರೂ ಓದಲೆಂದು ಅಕ್ಷರವನ್ನೇ ಬಿಟ್ಟರು. ಉದ್ದೇಶ ಒಳ್ಳೆಯದೇ. ಆದರೆ ಚಿತ್ರಕ್ಕೂ ಒಂದು ಊರು ಇರುತ್ತದೆ.

1993ರ ಡಿಸೆಂಬರಿನ ಮಹಾಮಸ್ತಕಾಭಿಷೇಕಕ್ಕೆ ಹೊಳೆನರಸೀಪುರದಿಂದ ಚಿಕ್ಕಪ್ಪನವರ ಮಾರುತಿಯಲ್ಲಿ ಹೊರಟಿದ್ದೆವು. ಸೊಸೈಟಿ ಸಾಲದಲ್ಲಿ ಕೊಂಡ ಹಳೇ ಕಾರು. ಚನ್ನರಾಯಪಟ್ಟಣ ಇನ್ನೂ ದೂರವಿರುವಾಗ ಕೆಂಪು ದೀಪ ಹತ್ತಿತು. ಮೂತಿಯುಳ್ಳ ಪಾತ್ರೆ, ಮೂತಿಯ ತುದಿಯಲ್ಲೊಂದು ಹನಿ. “ಗಿಂಡಿ ಕಣೋ, ನೀರು ಕೇಳ್ತಾ ಇದೆ” ಎಂದರು ಚಿಕ್ಕಪ್ಪ. ಇಳಿದು ರೇಡಿಯೇಟರಿಗೆ ನೀರು ಹೊಯ್ದರು. ದೀಪ ಆರಲಿಲ್ಲ. ಕಾರು ಓಡುತ್ತಿತ್ತಲ್ಲ, ಓಡಿಸಿದರು. ಸ್ವಲ್ಪ ದೂರದಲ್ಲಿ ಎಂಜಿನ್ ಕಟಕಟ ಎಂದು ಹಿಡಿದುಕೊಂಡೇ ಬಿಟ್ಟಿತು.

ಮೆಕ್ಯಾನಿಕ್ ಹುಡುಗ ಬಂದು, “ದೀಪ ಹತ್ತಿರಲಿಲ್ವಾ ಸಾರ್?” ಎಂದ. “ಹತ್ತಿತ್ತು ಕಣಯ್ಯ, ನೀರು ಹಾಕಿದ್ದೀನಿ” ಎಂದರು ಚಿಕ್ಕಪ್ಪ. ಹುಡುಗ ಏನೂ ಹೇಳದೆ ಬಾನೆಟ್ ಮುಚ್ಚಿದ. ನಾವು ಬಸ್ಸಿಗೆ ಕಾದೆವು. ಸೊಸೈಟಿಯ ಕಂತು ಮುಗಿಯುವ ಮೊದಲೇ ಎಂಜಿನ್ ಬಿಚ್ಚಿ ಕಟ್ಟಿಸುವ ಖರ್ಚು ಬಂತು. ಆ ವರ್ಷ ಚಿಕ್ಕಮ್ಮನ ಬಳೆ ಬೀರುವಿನಿಂದ ಹೊರಗೆ ಹೋದದ್ದು ಮನೆಯವರಿಗೆಲ್ಲ ಗೊತ್ತಿದ್ದೂ ಯಾರೂ ಆಡದ ಮಾತು.

ಅದು ಗಿಂಡಿಯಲ್ಲ, ಆಯಿಲ್ ಕ್ಯಾನು. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಂಥದ್ದು. ಆ ದೀಪ ಆಯಿಲ್ ಎಷ್ಟಿದೆ ಎಂದು ಹೇಳುವುದೂ ಇಲ್ಲ. ಅದನ್ನು ಹೇಳುವುದು ಎಂಜಿನ್‌ಗೆ ಸಿಕ್ಕಿಸಿರುವ ಕಡ್ಡಿ. ಆಯಿಲ್‌ನ ಒತ್ತಡ ಬಿದ್ದಾಗ ದೀಪ ಹತ್ತುತ್ತದೆ. ಒತ್ತಡವಿಲ್ಲದಿದ್ದರೆ ಲೋಹ ಲೋಹವನ್ನೇ ಉಜ್ಜುತ್ತದೆ. ಆಗ ಬೇಕಾದದ್ದು ನೀರಲ್ಲ, ಅಲ್ಲೇ ನಿಲ್ಲಿಸಿ ಕೀಲಿ ತಿರುಗಿಸುವುದು.

ಆಮೇಲೆ ಲಾಂಛನಗಳು ಬೆಳೆಯುತ್ತ ಹೋದವು. 2000ದ ಸುಮಾರಿಗೆ ಕಾರ್ಬುರೇಟರ್ ಹೋಗಿ ಎಲೆಕ್ಟ್ರಾನಿಕ್ ಇಂಜೆಕ್ಷನ್ ಬಂದಾಗ ಹಳದಿ ಬಣ್ಣದ ಎಂಜಿನ್ ಚಿತ್ರ ಬಂತು. ನಮ್ಮ ರೈತರ ಕಣ್ಣಿಗೆ ಅದು ಪಂಪ್‌ಸೆಟ್ಟು. 2019ರ ಜುಲೈನಿಂದ ಹೊಸ ಕಾರುಗಳಲ್ಲಿ ಸೀಟ್‌ಬೆಲ್ಟ್ ನೆನಪಿಸುವ ದೀಪ, ಸದ್ದು ಕಡ್ಡಾಯವಾದವು. ಟೈರಿನ ಗಾಳಿಯ ಗುರುತಂತೂ ಒಳಗೆ ಆಶ್ಚರ್ಯಸೂಚಕ ಚಿಹ್ನೆ ಬಿದ್ದ ಬಾಣಲೆ.

ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಆದರೂ ಹಳೇ ಕಾರುಗಳು ಕೈಯಿಂದ ಕೈಗೆ ದಾಟುತ್ತಲೇ ಬಂದವು. ಲಾಂಛನಗಳ ಅರ್ಥ ಬರೆದ ಪುಸ್ತಕ ಮಾತ್ರ ಸಾಮಾನ್ಯವಾಗಿ ಮೊದಲ ಯಜಮಾನರ ಮನೆಯಲ್ಲೇ ಉಳಿಯಿತು. ಅಂಥದ್ದನ್ನು ಕೊಳ್ಳುವವರು ಕೀಲಿ ಅರ್ಧ ತಿರುಗಿಸಿ ನೋಡಬೇಕು. ಎಂಜಿನ್ ಶುರುವಾಗುವ ಮೊದಲು ಕೆಂಪು ಆಯಿಲ್ ದೀಪ ಹತ್ತಲೇಬೇಕು, ಶುರುವಾದ ಮೇಲೆ ಆರಬೇಕು. ಮೊದಲಿಗೇ ಹತ್ತದಿದ್ದರೆ ಬಲ್ಬು ಸುಟ್ಟಿರಬಹುದು, ಇಲ್ಲವೇ ಮಾರುವವರು ಅದನ್ನು ಕಿತ್ತಿರಬಹುದು.