ಮೊದಲ ವಾರವೋ, ನೂರು ದಿನವೋ

2024ರ ಮಾರ್ಚ್ ಕೊನೆಯ ಒಂದು ಶನಿವಾರ. ಮಗನನ್ನೂ ಮೈಸೂರಿನಿಂದ ಬಂದಿದ್ದ ಅಪ್ಪನನ್ನೂ ಕರೆದುಕೊಂಡು ಡಬ್ಲಿನ್ ಅಂಚಿನ ಸ್ಯಾಗರ್ಟ್‌ನಲ್ಲಿ ಲುವಾಸ್ ಟ್ರಾಮ್ ಹತ್ತಿದ್ದೆ. ಅದು ಕೊನೆಯ ನಿಲ್ದಾಣವಾದ್ದರಿಂದ ಸೀಟಿಗೆ ಬರವಿಲ್ಲ. ಮುಂದಿನ ಫಾರ್ಚೂನ್ಸ್‌ಟೌನ್‌ನಲ್ಲಿ ಮಗನ ಗೆಳೆಯ ಹತ್ತಿದ. ಟ್ರಾಮ್ ಸಿಟಿವೆಸ್ಟ್ ಕ್ಯಾಂಪಸ್ ದಾಟುವಷ್ಟರಲ್ಲಿ ಇಬ್ಬರಿಗೂ ಜಗಳ ಹತ್ತಿಕೊಂಡಿತ್ತು. 'ಫೈನಲ್ ಫ್ಯಾಂಟಸಿ 7 ರೀಬರ್ತ್' ಗೆದ್ದಿತೋ, ಬಿದ್ದಿತೋ? ಅಮೆರಿಕದ ಫೆಬ್ರವರಿ ಪಟ್ಟಿಯಲ್ಲಿ ಎರಡನೇ ಸ್ಥಾನ ಬಂದಿದೆ ಅಂತ ಒಬ್ಬ. ಎರಡನೇ ಸ್ಥಾನ ಅಂದರೇ ಸೋತ ಹಾಗೆ, 'ಹೆಲ್‌ಡೈವರ್ಸ್ 2' ಮೇಲಿದೆಯಲ್ಲ ಅಂತ ಇನ್ನೊಬ್ಬ.

ಅಪ್ಪ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಯಾವ ಪಿಕ್ಚರ್ರೋ ಅದು?" ಅಂದರು.

"ಪಿಕ್ಚರ್ ಅಲ್ಲ ತಾತ, ಗೇಮು."

"ಏನಾದ್ರೂ ಆಗ್ಲಿ. ಎಷ್ಟು ದಿನ ಓಡ್ತು?"

'ಬಂಗಾರದ ಮನುಷ್ಯ' ಎರಡು ವರ್ಷ ಓಡಿದ್ದನ್ನು ಕಂಡ ತಲೆಮಾರಿನ ಪ್ರಶ್ನೆ ಅದು. ಹುಡುಗರಿಗೆ ಉತ್ತರ ಹೊಳೆಯಲಿಲ್ಲ. ನನಗೆ ಮಾತ್ರ ಅನ್ನಿಸಿತು, ರೋಲ್ ಪ್ಲೇಯಿಂಗ್ ಗೇಮ್ ಅನ್ನುವ ಈ ವೇಷ ಕಟ್ಟುವ ಆಟಗಳ ಮೂವತ್ತು ನಲವತ್ತು ವರ್ಷದ ವ್ಯಾಪಾರವನ್ನು ಅಪ್ಪ ಸರಿಯಾದ ಕಡೆಯಿಂದ ಹಿಡಿದಿದ್ದಾರೆ ಎಂದು.

ಮೊದಲು ಆ ಎರಡನೇ ಸ್ಥಾನದ ವಿಷಯ. ಅಮೆರಿಕದಲ್ಲಿ ಆಟಗಳ ತಿಂಗಳ ಮಾರಾಟ ಲೆಕ್ಕ ಹಾಕುವ ಸಂಸ್ಥೆ ಸರ್ಕಾನಾ; ಹಳಬರ ಬಾಯಲ್ಲಿ ಇನ್ನೂ ಎನ್‌ಪಿಡಿ. ಅದರ ತಿಂಗಳು ನಮ್ಮ ಕ್ಯಾಲೆಂಡರಿನ ತಿಂಗಳಲ್ಲ. ಅಂಗಡಿಗಳ ಲೆಕ್ಕಕ್ಕೆ ಅನುಕೂಲವಾಗಲೆಂದು ನಾಲ್ಕು ವಾರ, ನಾಲ್ಕು ವಾರ, ಐದು ವಾರ ಎಂದು ಕತ್ತರಿಸಿದ್ದು. ಆ ವರ್ಷದ 'ಫೆಬ್ರವರಿ' ಮಾರ್ಚ್ 2ಕ್ಕೆ ಮುಗಿಯಿತು. ರೀಬರ್ತ್ ಅಂಗಡಿಗೆ ಬಂದದ್ದು ಫೆಬ್ರವರಿ 29ಕ್ಕೆ. ಅಂದರೆ ಮೂರೇ ದಿನದ ವ್ಯಾಪಾರದಲ್ಲಿ ಅದು ಎರಡನೇ ಸ್ಥಾನಕ್ಕೆ ಏರಿತ್ತು. ಇದನ್ನು ಗೆಲುವು ಅನ್ನುವವನೂ ಸರಿ. ಮೂರು ದಿನದಲ್ಲಿ ಕೊಳ್ಳುವವರೆಲ್ಲ ಕೊಂಡಾಗಿ ಮುಂದಕ್ಕೆ ಯಾರೂ ಉಳಿಯಲಿಲ್ಲ ಅನ್ನುವವನ ಮಾತನ್ನೂ ತಳ್ಳಿಹಾಕುವಂತಿಲ್ಲ. ಆಟ ಮಾಡಿದ ಸ್ಕ್ವೇರ್ ಎನಿಕ್ಸ್ ಕಂಪನಿ ಅದರ ಮಾರಾಟದ ಸಂಖ್ಯೆಯನ್ನು ಡಂಗುರ ಸಾರಲಿಲ್ಲ. ಅದೇ ವರ್ಷ, ನಿರೀಕ್ಷೆ ಮುಟ್ಟಲಿಲ್ಲವೆಂದು ಒಪ್ಪಿಕೊಂಡಿತು.

ನಿರೀಕ್ಷೆ ಅನ್ನುವ ಈ ಪದ ಮುಂದೆ ಮತ್ತೆ ಮತ್ತೆ ಬರುತ್ತದೆ.

ಈ ವೇಷದ ಆಟಗಳ ಬೇರು 1974ರಲ್ಲಿ ಅಚ್ಚಾದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನಲ್ಲಿದೆ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ರೂಪಿಸಿದ, ಕಾಗದ, ಪೆನ್ಸಿಲು, ದಾಳದಲ್ಲೇ ನಡೆಯುವ ಆಟ. ಒಬ್ಬ ಭಾಗವತನಂತೆ ಪ್ರಸಂಗ ನಡೆಸುತ್ತಾನೆ, ಉಳಿದವರು ತಮ್ಮ ತಮ್ಮ ವೇಷದ ಅರ್ಥ ಹೇಳುತ್ತಾರೆ. ಅದನ್ನು ಕಂಪ್ಯೂಟರಿಗೆ ಇಳಿಸಿದವರಲ್ಲಿ ಮುಖ್ಯರು ಇಬ್ಬರು: 1981ರ 'ಅಲ್ಟಿಮಾ'ದ ರಿಚರ್ಡ್ ಗ್ಯಾರಿಯಟ್, ಅದೇ ವರ್ಷದ 'ವಿಝಾರ್ಡ್ರಿ'ಯ ಸರ್‌ಟೆಕ್ ಕಂಪನಿ. ವಿಝಾರ್ಡ್ರಿ ಆಡುತ್ತಾ ಸಿಕ್ಕಿಹಾಕಿಕೊಂಡವರು ಫೋನ್ ಮಾಡಿ ದಾರಿ ಕೇಳುತ್ತಿದ್ದರು. ಆ ಕರೆಗಳಿಗೆ ಉತ್ತರಿಸುತ್ತಿದ್ದವಳು ಹದಿನೈದು ವರ್ಷದ ಹುಡುಗಿ. ಆಕೆಯೇ ಮುಂದೆ ಆ ಸರಣಿಯ ವಿನ್ಯಾಸಕಿಯಾದ ಬ್ರೆಂಡಾ ರೊಮೆರೊ. 2015ರಲ್ಲಿ ಆಕೆ ಗಂಡ ಜಾನ್ ಜೊತೆ ಸ್ಟುಡಿಯೊ ತೆರೆದದ್ದು ಇಲ್ಲೇ, ಐರ್ಲೆಂಡಿನ ಗಾಲ್ವೇಯಲ್ಲಿ. ನಮ್ಮ ಹುಡುಗರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಗಾಲ್ವೇ ಎಂದರೆ ಅವರಿಗೆ ಶಾಲೆಯ ಪ್ರವಾಸ, ಮಳೆ.

ಜಪಾನಿಗೆ ಹೋದ ವಿಝಾರ್ಡ್ರಿ, ಅಲ್ಟಿಮಾಗಳಿಂದ ಪ್ರೇರಣೆ ಪಡೆದು ಯೂಜಿ ಹೋರಿ 1986ರಲ್ಲಿ 'ಡ್ರ್ಯಾಗನ್ ಕ್ವೆಸ್ಟ್' ಮಾಡಿದರು. 1988ರ ಫೆಬ್ರವರಿ 10ರ ಬುಧವಾರ ಮೂರನೇ ಭಾಗ ಬಂದಾಗ ಒಂದೇ ದಿನ ಹತ್ತು ಲಕ್ಷಕ್ಕೂ ಮಿಕ್ಕಿ ಪ್ರತಿ ಹೋದವು. ಸಾಲಿನಲ್ಲಿ ನಿಂತಿದ್ದ ಶಾಲೆ ಮಕ್ಕಳನ್ನು ಪೊಲೀಸರು ಹಿಡಿದರು. ಆಮೇಲೆ ವಾರದ ದಿನ ಈ ಆಟ ಬಿಡುಗಡೆ ಮಾಡಬಾರದೆಂದು ಜಪಾನ್ ಸರ್ಕಾರ ಕಾನೂನನ್ನೇ ತಂದಿತು ಎಂಬ ಕತೆ ಇವತ್ತಿಗೂ ಓಡಾಡುತ್ತಿದೆ. ಅಂಥ ಕಾನೂನು ಇಲ್ಲ. ಆದರೆ ಕತೆ ಹುಟ್ಟಿಕೊಂಡಿತಲ್ಲ, ಅದೇ ಹೌಸ್‌ಫುಲ್ ಬೋರ್ಡು.

1987ರ ಡಿಸೆಂಬರಿನಲ್ಲಿ ಹಿರೊನೊಬು ಸಕಗುಚಿ ಅವರ 'ಫೈನಲ್ ಫ್ಯಾಂಟಸಿ' ಬಂತು. ಒಂಬತ್ತು ವರ್ಷದ ಮೇಲೆ, 1997ರ ಜನವರಿ 31ಕ್ಕೆ, ಅದರ ಏಳನೇ ಭಾಗ. ಅಲ್ಲಿಯವರೆಗೆ ಈ ಸರಣಿಗೆ ಮನೆಯಾಗಿದ್ದ ನಿಂಟೆಂಡೊ ತನ್ನ ಹೊಸ ಯಂತ್ರಕ್ಕೂ ಕಾರ್ಟ್ರಿಜ್ ಬಿಡುವುದಿಲ್ಲ ಎಂದು ಕುಳಿತಿತು. ಮೂರು ಸಿಡಿ ತುಂಬುವ ಆಟ ಕಾರ್ಟ್ರಿಜ್‌ನಲ್ಲಿ ಹಿಡಿಸುವುದು ಹೇಗೆ? ಆಟ ಮಾಡುತ್ತಿದ್ದ ಸ್ಕ್ವೇರ್ ಕಂಪನಿ ಸೋನಿಯ ಪ್ಲೇಸ್ಟೇಷನ್‌ಗೆ ಹಾರಿತು. ಮೂರು ದಿನದಲ್ಲಿ ಜಪಾನಿನಲ್ಲೇ 23 ಲಕ್ಷ ಪ್ರತಿ. ಅಲ್ಲಿಂದ ಮುಂದೆ ಆಟ ಯಾವ ಯಂತ್ರದಲ್ಲಿ ಬರುತ್ತದೆ ಎಂಬುದೇ ಯಂತ್ರದ ಹಣೆಬರಹವನ್ನೂ ಬರೆಯತೊಡಗಿತು. ತಿಂಗಳ ಪಟ್ಟಿ ಅಭಿಮಾನಿಗಳ ಕದನಭೂಮಿಯಾದದ್ದು ಹೀಗೆ. ರಾಜ್, ವಿಷ್ಣು ಅಭಿಮಾನಿಗಳ ನಡುವೆ ಬೆಳೆದ ನಮಗೆ ಇದರ ವರಸೆ ವಿವರಿಸಬೇಕಿಲ್ಲ.

ಅತ್ತ ಕೆನಡಾದ ಎಡ್ಮಂಟನ್‌ನಲ್ಲಿ ವೈದ್ಯಕೀಯ ಓದಿದವರು ಕಟ್ಟಿದ ಬಯೋವೇರ್ 1998ರಲ್ಲಿ 'ಬಾಲ್ಡರ್ಸ್ ಗೇಟ್' ಮಾಡಿ, ಕಂಪ್ಯೂಟರಿನಲ್ಲಿ ಸತ್ತೇಹೋಯಿತು ಎನ್ನಿಸಿದ್ದ ಪ್ರಕಾರಕ್ಕೆ ಉಸಿರು ಕೊಟ್ಟಿತು. 2003ರಲ್ಲಿ ಫೈನಲ್ ಫ್ಯಾಂಟಸಿಯ ಸ್ಕ್ವೇರ್ ಮತ್ತು ಡ್ರ್ಯಾಗನ್ ಕ್ವೆಸ್ಟ್‌ನ ಎನಿಕ್ಸ್ ಒಂದಾದವು. ಅದಕ್ಕೂ ಎರಡು ವರ್ಷ ಹಿಂದೆ ಸ್ಕ್ವೇರ್ ಮಾಡಿದ್ದ 'ಫೈನಲ್ ಫ್ಯಾಂಟಸಿ' ಸಿನಿಮಾ ಮಕಾಡೆ ಮಲಗಿತ್ತು. 

ಐರ್ಲೆಂಡಿಗೆ ಬರೋಣ. ಇಲ್ಲಿನ ಅಂಗಡಿ ಪಟ್ಟಿಯ ತಲೆಯ ಮೇಲೆ ಫುಟ್‌ಬಾಲು ಕೂತರೆ ಇಳಿಯುವುದಿಲ್ಲ. ವೇಷದ ಆಟಗಳು ಒಂದೆರಡು ವಾರ ಮುಖ ತೋರಿಸಿ ಕೆಳಗೆ ಜಾರುತ್ತವೆ. ಕೊಳ್ಳುವ ಲೆಕ್ಕದಲ್ಲಿ ಇದು ಸಣ್ಣ ಮಾರುಕಟ್ಟೆ. ಆದರೆ ಈ ಆಟಗಳ ಏಳುಬೀಳು ಇಲ್ಲಿನ ಸಂಬಳದ ಚೀಟಿಯಲ್ಲಿ ಕಂಡಷ್ಟು ಬೇರೆ ಕಡೆ ಕಂಡಿರಲಾರದು. 2011ರಲ್ಲಿ ಬಯೋವೇರ್ ಗಾಲ್ವೇಯಲ್ಲಿ ಗ್ರಾಹಕ ಸೇವಾ ಕೇಂದ್ರ ತೆರೆಯಿತು. ಆ ಡಿಸೆಂಬರ್ 20ಕ್ಕೆ ಬಿಡುಗಡೆಯಾದ 'ಸ್ಟಾರ್ ವಾರ್ಸ್: ದಿ ಓಲ್ಡ್ ರಿಪಬ್ಲಿಕ್' ತಿಂಗಳ ಚಂದಾ ಕಟ್ಟಿ ಆಡುವ ಆಟ. ಫೆಬ್ರವರಿಯಲ್ಲಿ 17 ಲಕ್ಷ ಚಂದಾದಾರರು. ಮೇ ಹೊತ್ತಿಗೆ 13 ಲಕ್ಷ. ನವೆಂಬರಿನಲ್ಲಿ ಆಟವೇ ಉಚಿತ. ಅತ್ತ ಕಾರ್ಕ್‌ನಲ್ಲಿ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಆಟಗಾರರ ದೂರು ಕೇಳುತ್ತಿದ್ದ ಬ್ಲಿಝಾರ್ಡ್ ಕಚೇರಿಯಿತ್ತು. 2010ರಲ್ಲಿ 1.2 ಕೋಟಿ ಮುಟ್ಟಿದ ಚಂದಾದಾರರು ಇಳಿಯತೊಡಗಿದರು. 2012ರ ಫೆಬ್ರವರಿಯಲ್ಲಿ ಕಂಪನಿ ಜಗತ್ತಿನಾದ್ಯಂತ ಸುಮಾರು 600 ಕೆಲಸ ಕಡಿತ ಸಾರಿದಾಗ ಕಾರ್ಕ್‌ಗೂ ಜೋರಾಗಿಯೇ ಪೆಟ್ಟು ಬಿತ್ತು. ಅಭಿಮಾನಿಗೆ ಮಾತಿನ ಮಲ್ಲತನವಾಗುವ ಅಂಕಿ ಇನ್ಯಾರಿಗೋ ಮನೆ ಬಾಡಿಗೆ.

ಇನ್ನು ಕಣ್ಣಿಗೆ ಬೀಳದ ನಂಟೊಂದಿದೆ. 1998ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಹ್ಯೂ ರೆನಾಲ್ಡ್ಸ್, ಸ್ಟೀವನ್ ಕಾಲಿನ್ಸ್ ಕಟ್ಟಿದ ಹ್ಯಾವಕ್ ಕಂಪನಿ, ಆಟದೊಳಗಿನ ವಸ್ತು ಹೇಗೆ ಬೀಳಬೇಕು, ಉರುಳಬೇಕು ಎಂಬ ಗಣಿತ ಬರೆಯುತ್ತದೆ. 2011ರ 'ಸ್ಕೈರಿಮ್' ಆಡಿದವರಿಗೆ ಗೊತ್ತು, ಬೆಟ್ಟದ ತುದಿಯಿಂದ ಗಾಲಿಯಂಥ ಚೀಸ್ ಗಡ್ಡೆಯನ್ನು ತಳ್ಳಿದರೆ ಅದು ಪುಟಿಯುತ್ತಾ, ಬಂಡೆಗೆ ಬಡಿದು ವಾಲುತ್ತಾ ಹೋಗಿ ಕಣಿವೆ ಸೇರುತ್ತದೆ. ಆ ಉರುಳಾಟ ಡಬ್ಲಿನ್‌ನದು. ನನ್ನ ಮಗ ಅರ್ಧ ಸಂಜೆ ಇದನ್ನೇ ಮಾಡಿದ್ದುಂಟು; ಡ್ರ್ಯಾಗನ್‌ಗಳು ಬಂದು ಊರು ಸುಡುತ್ತಿದ್ದವು, ಇವನು ಚೀಸ್ ಹಿಂದೆ ಓಡುತ್ತಿದ್ದ. 2023ರ ಹೊತ್ತಿಗೆ ಸ್ಕೈರಿಮ್ 6 ಕೋಟಿ ಪ್ರತಿ ದಾಟಿತು. ಹನ್ನೆರಡು ವರ್ಷ! ಅಪ್ಪನ ಪ್ರಶ್ನೆಗೆ ನಿಜವಾದ ಉತ್ತರ ಇದು. ಆ ಆರು ಕೋಟಿಯಲ್ಲಿ ಮೊದಲ ತಿಂಗಳ ಪಟ್ಟಿಯಲ್ಲಿ ಸೇರಿದ್ದು ಒಂದು ಚೂರು ಮಾತ್ರ.

ಲೆಕ್ಕದ ಒಳಗೇ ಕೈಹಾಕಿದರೆ ಇನ್ನೂ ಮಜಾ. ಕಂಪನಿಯ ಪ್ರಕಟಣೆ ಓದುವಾಗ ಪದ ನೋಡಬೇಕು. 'ರವಾನೆಯಾಗಿದೆ' ಅಂದರೆ ಅಂಗಡಿಯ ಗೋದಾಮಿಗೆ ಹೋಗಿದೆ, ಅಷ್ಟೆ. ಮೂಟೆ ಬಿಚ್ಚಿಯೇ ಇಲ್ಲದಿರಬಹುದು. 'ಮಾರಾಟವಾಗಿದೆ' ಅಂದರೆ ಯಾರೋ ದುಡ್ಡು ಕೊಟ್ಟಿದ್ದಾರೆ. ಈಚಿನದು 'ಆಟಗಾರರು': ಚಂದಾ ಸೇವೆಯಲ್ಲಿ ಬಿಟ್ಟಿ ಸಿಕ್ಕಿತೆಂದು ಹತ್ತು ನಿಮಿಷ ತೆರೆದು ನೋಡಿದವನೂ ಆಟಗಾರನೇ. ಸರ್ಕಾನಾ ಪಟ್ಟಿ ಪ್ರತಿಗಳನ್ನು ಎಣಿಸಿ ಸ್ಥಾನ ಕೊಡುವುದಿಲ್ಲ, ಡಾಲರ್ ವಹಿವಾಟು ನೋಡಿ ಕೊಡುತ್ತದೆ. ನಿಂಟೆಂಡೊ ತನ್ನ ಡಿಜಿಟಲ್ ಮಾರಾಟದ ಲೆಕ್ಕ ಅದಕ್ಕೆ ಒಪ್ಪಿಸುವುದಿಲ್ಲ. ಇಷ್ಟೆಲ್ಲ ತೂತಿರುವ ಜರಡಿಯಲ್ಲಿ ನೀರು ಹಿಡಿದು ಹುಡುಗರು ಒಬ್ಬರ ಮೇಲೊಬ್ಬರು ಎರಚಾಡುತ್ತಾರೆ.

ಪಟ್ಟಿಗೆ ಒಂದು ಕಾಲದಲ್ಲಿ ಅರ್ಥವಿತ್ತು. ಆಟವೆಂದರೆ ಡಬ್ಬಿ, ಡಬ್ಬಿಯೆಂದರೆ ಅಂಗಡಿಯ ಶೆಲ್ಫು. ತಿಂಗಳೊಳಗೆ ಹೋಗದಿದ್ದರೆ ಶೆಲ್ಫಿನಿಂದ ಇಳಿಸುತ್ತಿದ್ದರು. ಐರ್ಲೆಂಡಿನ ಗೇಮ್ಸ್‌ವರ್ಲ್ಡ್ ಅಂಗಡಿಗಳನ್ನು 2003ರಲ್ಲಿ ಅಮೆರಿಕದ ಗೇಮ್‌ಸ್ಟಾಪ್ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಇಪ್ಪತ್ತು ವರ್ಷದ ಮೇಲೆ, 2023ರಲ್ಲಿ, ಉಳಿದಿದ್ದ 35 ಮಳಿಗೆಗಳಿಗೂ ಬೀಗ ಬಿತ್ತು. ಬೀಗ ಬಿದ್ದ ಮೇಲೂ ಪಟ್ಟಿಯ ಜಗಳ ನಿಂತಿಲ್ಲ.

ಬೀಗ ಬಿದ್ದ ಆ ಬೇಸಿಗೆಯಲ್ಲೇ, ಆಗಸ್ಟ್ 3ಕ್ಕೆ, 'ಬಾಲ್ಡರ್ಸ್ ಗೇಟ್ 3' ಬಂತು. ಕಂಪ್ಯೂಟರ್ ಆವೃತ್ತಿಗೆ ಡಬ್ಬಿಯ ಹಂಗಿರಲಿಲ್ಲ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಒಂದೇ ಹೊತ್ತಿಗೆ 8,75,343 ಜನ ಆಡುತ್ತಿದ್ದರು. ಮಾಡಿದ ಲಾರಿಯನ್ ಬೆಲ್ಜಿಯಂ ಮೂಲದ್ದು, ಡಬ್ಲಿನ್‌ನಲ್ಲೂ ಅದರ ಸ್ಟುಡಿಯೊ ಇದೆ. ಹಿಂದೊಮ್ಮೆ ಮುಳುಗುವ ಹಂತ ತಲುಪಿದ್ದ ಅದರ ಮುಖ್ಯಸ್ಥ ಸ್ವೆನ್ ವಿಂಕೆ 2013ರಲ್ಲಿ ಜನರಿಂದಲೇ ಚಂದಾ ಎತ್ತಿ 'ಡಿವಿನಿಟಿ: ಒರಿಜಿನಲ್ ಸಿನ್' ಮುಗಿಸಿದ್ದರು. ಬಾಲ್ಡರ್ಸ್ ಗೇಟ್ 3 ಅನ್ನೂ 2020ರ ಅಕ್ಟೋಬರಿನಿಂದಲೇ ಅರೆಬೆಂದ ಸ್ಥಿತಿಯಲ್ಲಿ ಮಾರುತ್ತಾ, ಆಡಿದವರ ಬೈಗುಳ ಕೇಳುತ್ತಾ, ತಿದ್ದುತ್ತಾ ಬಂದರು. ಮೂರು ವರ್ಷ ತಾಲೀಮು ನೋಡಿದ ಪ್ರೇಕ್ಷಕರೇ ರಂಗಪ್ರವೇಶಕ್ಕೂ ಬಂದರು. ಇದಕ್ಕೆ ಯಾವ ತಿಂಗಳ ಲೆಕ್ಕ?

ಈಗ ನಿರೀಕ್ಷೆಗೆ ಬರುತ್ತೇನೆ, ನನ್ನ ತಕರಾರು ಇರುವುದು ಅಲ್ಲಿ. 2012ರ 'ಕಿಂಗ್ಡಮ್ಸ್ ಆಫ್ ಅಮಲೂರ್: ರೆಕನಿಂಗ್' ಮೂರು ತಿಂಗಳಲ್ಲಿ ಹನ್ನೆರಡು ಲಕ್ಷದಷ್ಟು ಹೋಯಿತು. ಹೊಸ ಹೆಸರಿಗೆ ಅದು ಕಡಿಮೆಯೇನಲ್ಲ. ಆದರೆ ಮಾಡಿದ 38 ಸ್ಟುಡಿಯೋಸ್‌ನ ತಲೆಯ ಮೇಲೆ ರೋಡ್ ಐಲೆಂಡ್ ರಾಜ್ಯ ಜಾಮೀನು ನಿಂತ 7.5 ಕೋಟಿ ಡಾಲರ್ ಸಾಲವಿತ್ತು. ಹಾಕಿದ ಗಂಟು ಮರಳಬೇಕಾದರೆ 30 ಲಕ್ಷ ಮಾರಬೇಕಿತ್ತೆಂದು ಗವರ್ನರ್ ಹೇಳಿದರು. ಜೂನ್‌ನಲ್ಲಿ ಕಂಪನಿ ದಿವಾಳಿ. ಅದೇ ಅಕ್ಟೋಬರಿನಲ್ಲಿ ಜಪಾನಿನಲ್ಲಿ ಬಂದ 'ಬ್ರೇವ್ಲಿ ಡಿಫಾಲ್ಟ್' ಸಣ್ಣ ಪರದೆಯ, ಸಣ್ಣ ಖರ್ಚಿನ, ಹಳೇ ಶೈಲಿಯ ಆಟ. ಅದರ ಗೆಲುವು ನೋಡಿದ ಮೇಲೆ, ಎಲ್ಲರನ್ನೂ ಮೆಚ್ಚಿಸಲು ಹೋಗಿ ನಮ್ಮವರನ್ನೇ ಮರೆತೆವು ಎಂಬರ್ಥದ ಮಾತನ್ನು ಸ್ಕ್ವೇರ್ ಎನಿಕ್ಸ್ ಮುಖ್ಯಸ್ಥರು ಆಡಿದರು. ಆಡಿ ಮತ್ತೆ ದೊಡ್ಡ ಖರ್ಚಿಗೇ ಹೋದರು, ಅದು ಬೇರೆ ಮಾತು. 2023ರ ಜೂನ್ 22ಕ್ಕೆ ಬಂದ 'ಫೈನಲ್ ಫ್ಯಾಂಟಸಿ 16' ವಾರದಲ್ಲಿ 30 ಲಕ್ಷ ಮುಟ್ಟಿತು, ಆದರೂ ಸಾಲಲಿಲ್ಲ. 2024ರ ಮೇನಲ್ಲಿ ಕಂಪನಿ, ಇನ್ನು ಒಂದೇ ಯಂತ್ರಕ್ಕೆ ಕಟ್ಟಿಕೊಳ್ಳುವುದಿಲ್ಲ, ಎಲ್ಲ ಕಡೆ ಬರುತ್ತೇವೆ ಅಂದಿತು. 1997ರ ಜಿಗಿತದ ಚಕ್ರ ಅಲ್ಲಿಗೆ ಒಂದು ಸುತ್ತು ಬಂದಂತೆ.

2024ರ ಅಕ್ಟೋಬರ್ 31ಕ್ಕೆ ಬಂದ ಬಯೋವೇರ್‌ನ 'ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್' ಗತಿ ಇನ್ನೂ ಕಷ್ಟ. ಹದಿನೈದು ಲಕ್ಷ 'ಆಟಗಾರರು' ಬಂದರು, ನಿರೀಕ್ಷೆಯ ಅರ್ಧದಷ್ಟು ಎಂದು ಬಯೋವೇರ್‌ನ ಒಡೆಯ ಕಂಪನಿ ಇಎ ಜನವರಿಯಲ್ಲಿ ಹೇಳಿತು. ಪದ ಗಮನಿಸಿ. ಆಮೇಲೆ ಬಯೋವೇರ್‌ನಲ್ಲಿ ಉಳಿದವರು ನೂರಕ್ಕಿಂತ ಕಡಿಮೆ. ಮೂರು ತಿಂಗಳು ಕಳೆದು, 2025ರ ಏಪ್ರಿಲ್ 24ಕ್ಕೆ, ಫ್ರಾನ್ಸಿನ ಮಾಂಪೆಲಿಯೆಯ ಪುಟ್ಟ ತಂಡ ಸ್ಯಾಂಡ್‌ಫಾಲ್ 'ಎಕ್ಸ್‌ಪೆಡಿಷನ್ 33' ತಂದಿತು. ಸರದಿಯ ಪ್ರಕಾರ ಹೊಡೆದಾಡುವ ಆಟ, ಯಾವುದು ಹಳತಾಯಿತೆಂದು ಫೈನಲ್ ಫ್ಯಾಂಟಸಿ ಬಿಟ್ಟುಕೊಟ್ಟಿತೋ ಅದೇ ಪದ್ಧತಿ. ಮೂರು ದಿನಕ್ಕೆ 10 ಲಕ್ಷ, 33 ದಿನಕ್ಕೆ 33 ಲಕ್ಷ. ಅದೂ ಮೊದಲ ದಿನದಿಂದಲೇ ಗೇಮ್ ಪಾಸ್ ಚಂದಾದಾರರಿಗೆ ಪುಕ್ಕಟೆ ಸಿಗುತ್ತಿದ್ದಾಗ. ಫೈನಲ್ ಫ್ಯಾಂಟಸಿ 16ರ ವಾರದ ಗಳಿಕೆಗೆ ಇದಕ್ಕೆ ಒಂದು ತಿಂಗಳು ಬೇಕಾಯಿತು. ಪಟ್ಟಿಯ ಲೆಕ್ಕದಲ್ಲಿ ಸೋಲು. ಆದರೆ ಸ್ಯಾಂಡ್‌ಫಾಲ್‌ಗೆ ಹೊಟ್ಟೆ ತುಂಬಿತು, ಸ್ಕ್ವೇರ್ ಎನಿಕ್ಸ್‌ಗೆ ತುಂಬಲಿಲ್ಲ. ಹೊಟ್ಟೆಯ ಗಾತ್ರ ಕೇಳದೆ ಊಟದ ತೂಕ ಹಾಕುವುದೇ ಈ ತಿಂಗಳ ಜಗಳ.

ಮೊನ್ನೆ ಬೇಸಿಗೆಯಲ್ಲಿ ನನ್ನ ಮಗ ಟಾಲಾದ ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ರೀಬರ್ತ್ ತಂದ. ಹೊಸದಾಗಿ ಬಂದಾಗ ಎಂಬತ್ತು ಯೂರೊ ಕೇಳುತ್ತಿದ್ದ ಡಬ್ಬಿ. ಮೂಲೆ ಸ್ವಲ್ಪ ಒಡೆದಿತ್ತು, ಮೇಲೆ ಹಳೇ ಸ್ಟಿಕ್ಕರಿನ ಅಂಟು. ಕೈ ಬದಲಿಸಿದ ಈ ಡಬ್ಬಿ ಯಾವ ತಿಂಗಳ ಪಟ್ಟಿಗೂ ಸೇರುವುದಿಲ್ಲ. ಭಾನುವಾರ ತಾತನಿಗೆ ವಿಡಿಯೊ ಕರೆ ಮಾಡಿ, ಫೋನನ್ನು ಟಿವಿ ಕಡೆ ತಿರುಗಿಸಿ, "ಅವತ್ತು ಟ್ರಾಮಲ್ಲಿ ಹೇಳ್ತಿದ್ನಲ್ಲ, ಇದೇ ಅದು" ಅಂದ. ಪರದೆಯ ಮೇಲೆ ನಾಯಕ ಹಳದಿ ಹಕ್ಕಿಯ ಬೆನ್ನೇರಿ ಹುಲ್ಲುಗಾವಲಿನಲ್ಲಿ ಓಡುತ್ತಿದ್ದ. ಅಪ್ಪ ಕನ್ನಡಕ ಸರಿಮಾಡಿಕೊಂಡರು.

"ಅದು ಕೋಳಿನೋ ಉಷ್ಟ್ರಪಕ್ಷಿನೋ, ಮೊದ್ಲು ಅದನ್ನ ಹೇಳು."